ದೀಪ ಬಿದ್ದ ಲೆಕ್ಕ

ಅಮೆರಿಕದ ಬಾಸ್ಟನ್ನಿನ ಆಗ್ನೇಯಕ್ಕೆ, ದಡದಾಚೆ ಕಡಲಿನಲ್ಲಿ ಮೈನಾಟ್ಸ್ ಲೆಡ್ಜ್ ಎಂಬ ಬಂಡೆಯಿದೆ. ಅದರ ಮೇಲಿನ ದೀಪಸ್ತಂಭ ಒಂದು, ನಾಲ್ಕು, ಮೂರು ಎಂಬ ಎಣಿಕೆಯಲ್ಲಿ ಮಿನುಗುತ್ತದೆ. ಇಂಗ್ಲಿಷಿನ 'ಐ ಲವ್ ಯೂ'ನಲ್ಲಿರುವ ಅಕ್ಷರಗಳ ಲೆಕ್ಕವೂ ಅದೇ. ಹಾಗಾಗಿ ಅದು ಪ್ರೇಮಿಗಳ ದೀಪವಾಯಿತು. ನನ್ನ ತಕರಾರು ಇರುವುದು ಇಲ್ಲಿಗೇ ನಿಲ್ಲಿಸುವ ಕಥೆಗಾರರ ಬಗ್ಗೆ. ಅದೇ ಬಂಡೆಯ ಮೇಲೆ ಮೊದಲು ಇನ್ನೊಂದು ದೀಪಸ್ತಂಭವಿತ್ತು. ಅದು ಇಬ್ಬರನ್ನು ಹೊತ್ತುಕೊಂಡೇ ಕಡಲಿಗೆ ಬಿತ್ತು.

ಸೇನೆಯ ಎಂಜಿನಿಯರ್ ವಿಲಿಯಂ ಸ್ವಿಫ್ಟ್ ರೂಪಿಸಿದ ಆ ಸ್ತಂಭ ಬೆಳಗಿದ್ದು 1850ರ ಜನವರಿ 1ರಂದು. ಕಲ್ಲಿನ ಗೋಪುರಕ್ಕೆ ಖರ್ಚು ಜಾಸ್ತಿ. ಅದಕ್ಕೇ ಬಂಡೆ ಕೊರೆದು ಒಂಬತ್ತು ಕಬ್ಬಿಣದ ಕಂಬ ನೆಟ್ಟು, ತುದಿಯಲ್ಲಿ ಕೋಣೆ ಮತ್ತು ದೀಪ ಇಟ್ಟರು. ಕಂಬಗಳ ನಡುವೆ ಅಲೆ ಸಲೀಸಾಗಿ ಹಾದುಹೋಗುತ್ತದೆ ಎಂಬುದು ತರ್ಕ. ಆದರೆ ಗೋಪುರ ಹೇಗೆ ತೂಗಾಡುತ್ತದೆಂದು ಮೇಲೆ ಮಲಗುವವರಿಗೆ ಗೊತ್ತಿತ್ತು. ಮೊದಲ ಕಾವಲುಗಾರ ಐಸಾಕ್ ಡನ್ಹಂ ಎಚ್ಚರಿಸಿದ. ಯಾರೂ ಕಿವಿಗೊಡದಿದ್ದಾಗ ಅದೇ ವರ್ಷ ಕೆಲಸ ಬಿಟ್ಟ. ನಂತರ ಬಂದ ಜಾನ್ ಬೆನೆಟ್ ಮೊದಮೊದಲು ಅದನ್ನು ಪುಕ್ಕಲುತನ ಎಂದುಕೊಂಡ. ಬಿರುಗಾಳಿ ಕಂಡ ಮೇಲೆ ಅವನೂ ಅದೇ ದೂರು ಹೇಳಿದ.

1851ರ ಏಪ್ರಿಲ್ 16ರ ರಾತ್ರಿ ಬೆನೆಟ್ ದಡದಲ್ಲಿದ್ದ; ಕಡಲು ಉಕ್ಕಿ ಮರಳಲಾಗಿರಲಿಲ್ಲ. ಮೇಲಿದ್ದವರು ಅವನ ಸಹಾಯಕರಾದ ಜೋಸೆಫ್ ವಿಲ್ಸನ್ ಮತ್ತು ಜೋಸೆಫ್ ಆಂಟ್ವಾನ್. ನಡುರಾತ್ರಿ ಕಳೆದ ಮೇಲೂ ದಡದವರಿಗೆ ಗಂಟೆ ಕೇಳಿಸಿತ್ತು. ಬೆಳಗಾದಾಗ ಬಂಡೆಯ ಮೇಲೆ ಉಳಿದದ್ದು ಮುರಿದ ಕಂಬಗಳ ಮೋಟುಗಳಷ್ಟೇ.

ಆಮೇಲೆ ಸ್ವಿಫ್ಟ್ ಬೆರಳು ತೋರಿಸಿದ್ದು ಕಾವಲುಗಾರರ ಕಡೆಗೆ. ಅವರು ಕಂಬಗಳ ನಡುವೆ ಹೆಚ್ಚುವರಿ ಅಟ್ಟ ಕಟ್ಟಿಕೊಂಡಿದ್ದರು, ಸಾಮಾನು ಎಳೆಯಲು ದಪ್ಪ ಹಗ್ಗ ಬಿಗಿದಿದ್ದರು. ಅಲೆಗೆ ಹಿಡಿತ ಸಿಕ್ಕಿದ್ದು ಅದರಿಂದ ಎಂದು. ಅದರಲ್ಲಿ ಸತ್ಯಾಂಶ ಇದ್ದೀತು. ಆದರೂ ಕೇಳುತ್ತೇನೆ: ಮನುಷ್ಯರು ಇರುವ ಜಾಗಕ್ಕೆ ಅಕ್ಕಿಬೇಳೆ ಏರಬೇಡವೇ? ಏರಿದ್ದನ್ನು ಇಡಲು ಜಾಗ ಬೇಡವೇ? ಅಷ್ಟನ್ನೂ ತಾಳಲಾರದ ನಕ್ಷೆ ಯಾರಿಗಾಗಿ ಬರೆದದ್ದು? ಮೊದಲು ಅವರ ಮಾತು ಕೇಳಲಿಲ್ಲ, ಕೊನೆಗೆ ತಪ್ಪನ್ನೂ ಅವರ ಹೆಗಲಿಗೇ ಏರಿಸಿದರು.

ದುರಂತದಿಂದ ಪಾಠ ಕಲಿತರಲ್ಲ ಎನ್ನುವವರಿದ್ದಾರೆ. ಕಲಿತರು, ನಿಜ. 1855ರಿಂದ 1860ರವರೆಗೆ ದುಡಿದು, ಒಂದಕ್ಕೊಂದು ಕಚ್ಚಿಕೊಳ್ಳುವ ಗ್ರಾನೈಟ್ ಕಲ್ಲುಗಳ ಗೋಪುರ ಎಬ್ಬಿಸಿದರು. ಅದು ಇಂದಿಗೂ ನಿಂತಿದೆ. ಆದರೆ ಈ ಪಾಠವನ್ನು ಡನ್ಹಂ ಪುಕ್ಕಟೆಯಾಗಿ ಹೇಳಿದ್ದ. ಎರಡು ಜೀವ ತೆತ್ತು ಕಲಿಯುವ ಅಗತ್ಯವಿರಲಿಲ್ಲ.

ಒಂದು-ನಾಲ್ಕು-ಮೂರರ ಮಿನುಗು ಬಂದದ್ದು 1894ರಲ್ಲಿ. ಅದರಲ್ಲಿ ಪ್ರೇಮ ಕಾಣುವವರು ಕಾಣಲಿ. ಆದರೆ ಆ ಬೆಳಕನ್ನು ವರ್ಣಿಸುವವರು ವಿಲ್ಸನ್, ಆಂಟ್ವಾನ್ ಎಂಬ ಎರಡು ಹೆಸರು ಬಿಟ್ಟರೆ, ಅವರು ಹೇಳುತ್ತಿರುವುದು ಅರ್ಧ ಕಥೆ.