ಹಿತ್ತಲ ಗಿಡ ಡಬ್ಬಿಯಲ್ಲಿ ಬಂದರೆ ಮದ್ದಾಗುತ್ತದೆಯೇ?

ಈ ಸಲದ ರಾಜ್ಯೋತ್ಸವಕ್ಕೆ ದುಡ್ಡು ಹೊಂದಿಸುವಾಗ ನಮ್ಮ ಸಂಘದ ಕಮಿಟಿಯಲ್ಲಿ ಒಂದು ಸಣ್ಣ ಜಗಳವೇ ಆಯಿತು. ತೂಕ ಇಳಿಸುವ ಕ್ಯಾಪ್ಸೂಲ್ ಮಾರುವವರೊಬ್ಬರು ಊಟದ ಪೂರ್ತಿ ಖರ್ಚು ತಾವೇ ಕೊಡುತ್ತೇವೆಂದು ಮುಂದೆ ಬಂದಿದ್ದರು. ಬದಲಿಗೆ ಅವರು ಕೇಳಿದ್ದು ಎರಡೇ: ಹಾಲ್ ಬಾಗಿಲ ಹತ್ತಿರ ಒಂದು ಟೇಬಲ್, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಲಿಂಕ್. "ಪುಕ್ಕಟೆ ಊಟ ಕಣ್ರೋ, ಬೇಡ ಅನ್ನೋಕೆ ನಮಗೇನು ತಲೆ ಕೆಟ್ಟಿದ್ಯಾ?" ಎಂದರು ಕೆಲವರು. "ಅದರಲ್ಲಿರೋದು ನಮ್ಮ ಕಡೆ ಉಪ್ಪಾಗೆನೇ ಅಂತೆ. ಅಜ್ಜಿ ಅಡುಗೆಗೆ ಹಾಕ್ತಿದ್ದಿದ್ದು. ಅದರಿಂದ ಏನಾಗುತ್ತೆ?" ಎಂದಳು ಶಿರಸಿಯ ಗೆಳತಿ. ಎರಡು ಗಂಟೆ ವಾದವಾಡಿ ಕೊನೆಗೆ ಬೇಡವೆಂದೇ ಹೇಳಿದೆವು. ಬಿಸಿಬೇಳೆಬಾತ್ ಅನ್ನು ಮೂರು ಅಪಾರ್ಟ್‌ಮೆಂಟ್‌ಗಳ ಅಡುಗೆಮನೆಯಲ್ಲಿ ನಾವೇ ಮಾಡಿದೆವು. ಒಂದು ಪಾತ್ರೆ ತಳ ಹಿಡಿಯಿತು, ಪರವಾಗಿಲ್ಲ. ಆದರೆ ಆ ದಿನ ಸರಿಯಾಗಿ ಹೇಳಲಾಗದ ಕಾರಣಗಳನ್ನು ಇಲ್ಲಾದರೂ ಹೇಳಬೇಕು ಅನ್ನಿಸಿದೆ.

ಮೊದಲೇ ಒಪ್ಪಿಕೊಂಡುಬಿಡುತ್ತೇವೆ, ನಾವೇನೂ ಸಾಚಾಗಳಲ್ಲ. ನಮ್ಮಲ್ಲಿ ಅರ್ಧ ಜನರ ಫ್ರಿಜ್ ಮೇಲೆ ಒಂದಲ್ಲ ಒಂದು ಪೌಡರ್ ಡಬ್ಬಿ ಇದೆ. ಅದು ಅಲ್ಲಿಗೆ ಹೇಗೆ ಬರುತ್ತದೆ ಅನ್ನುವುದೂ ಎಲ್ಲರಿಗೂ ಗೊತ್ತು. ಅಮೆರಿಕಕ್ಕೆ ಬಂದ ಮೊದಲ ಸೆಮಿಸ್ಟರ್‌ನಲ್ಲಿ ಹೊತ್ತಲ್ಲದ ಹೊತ್ತಲ್ಲಿ ಪಿಜ್ಜಾ, ರಾತ್ರಿಯೆಲ್ಲ ಅಸೈನ್‌ಮೆಂಟ್, ನಡೆಯಲು ಆಗದಷ್ಟು ಚಳಿ. ಭಾನುವಾರದ ವಿಡಿಯೋ ಕಾಲ್‌ನಲ್ಲಿ ಅತ್ತೆಯೋ ಚಿಕ್ಕಮ್ಮನೋ "ಏನೇ ಇಷ್ಟು ದಪ್ಪ ಆಗಿದೀಯ, ನಾಳೆ ಗಂಡು ನೋಡೋದು ಬೇಡ್ವಾ?" ಎಂದು ನಗುತ್ತಲೇ ಕುಟುಕುತ್ತಾರೆ. ಸಣ್ಣಗಿರುವ ಹುಡುಗರಿಗೆ "ಊಟ ಹಾಕಲ್ವೇನೋ ಅಲ್ಲಿ?" ಅನ್ನುವ ಪಾಠ. ಡಿಸೆಂಬರ್‌ನಲ್ಲಿ ಊರಿಗೆ ಹೋಗುವುದರೊಳಗೆ ಒಂದು ಹೊಸ ಮೈ ಬೇಕು. ಜಿಮ್‌ಗೆ ಹೋಗಿ ಕಾಯುವಷ್ಟು ಪುರುಸೊತ್ತಿಲ್ಲ. ಆಗ ಫೋನಿನಲ್ಲಿ ಒಂದು ಜಾಹೀರಾತು ಬರುತ್ತದೆ: ನೈಸರ್ಗಿಕ, ಸುರಕ್ಷಿತ, 30 ದಿನ.

ಅಂಗಡಿಯಲ್ಲಿ ಇಷ್ಟು ರಾಜಾರೋಷವಾಗಿ ಮಾರುತ್ತಿದ್ದಾರೆ ಅಂದಮೇಲೆ ಇಲ್ಲಿನ ಸರ್ಕಾರ ಪರೀಕ್ಷೆ ಮಾಡಿಯೇ ಬಿಟ್ಟಿರಬೇಕು ಎಂದು ನಾವೂ ನಂಬಿದ್ದೆವು. ಅದು ತಪ್ಪು. 1994ರಲ್ಲಿ ಅಮೆರಿಕದ ಕಾಂಗ್ರೆಸ್ ಮಾಡಿದ ಕಾನೂನಿನ ಪ್ರಕಾರ ಇಂಥ ಸಪ್ಲಿಮೆಂಟ್‌ಗಳು ಮಾರುಕಟ್ಟೆಗೆ ಬರುವ ಮೊದಲು ಎಫ್‌ಡಿಎ ಒಪ್ಪಿಗೆ ಪಡೆಯಬೇಕಾಗಿಲ್ಲ. ಔಷಧವಾದರೆ ಕೆಲಸ ಮಾಡುತ್ತದೆ, ಅಪಾಯವಿಲ್ಲ ಎಂದು ಕಂಪನಿ ಮೊದಲು ತೋರಿಸಬೇಕು. ಸಪ್ಲಿಮೆಂಟ್ ಆದರೆ ಮೊದಲು ಮಾರಾಟ, ಅಪಾಯವಿದೆ ಎಂದು ತೋರಿಸುವ ಹೊಣೆ ಆಮೇಲೆ ಎಫ್‌ಡಿಎಯದು. ಡಬ್ಬಿಯ ಹಿಂದೆ ಚಿಕ್ಕ ಅಕ್ಷರಗಳಲ್ಲಿ, ಈ ಮಾತುಗಳನ್ನು ಎಫ್‌ಡಿಎ ಪರಿಶೀಲಿಸಿಲ್ಲ, ಇದು ಯಾವ ರೋಗವನ್ನೂ ಗುಣಪಡಿಸುವುದಕ್ಕಲ್ಲ ಎಂದು ಬರೆದಿರುತ್ತದೆ. ಡಬ್ಬಿಯ ಮೇಲೆ ಓದಲೇಬೇಕಾದ ಸಾಲು ಅದೊಂದೇ, ನಾವು ಓದದೆ ಬಿಡುವುದೂ ಅದನ್ನೇ.

ಆ 'ಆಮೇಲೆ' ಎಷ್ಟು ದೀರ್ಘವಾಗಬಹುದು ಎನ್ನುವುದಕ್ಕೆ ಎಫೆಡ್ರಾ ಸಾಕ್ಷಿ. ತೂಕ ಇಳಿಸಲು ವರ್ಷಗಟ್ಟಲೆ ಮಾರಾಟವಾದ ಗಿಡಮೂಲಿಕೆ ಅದು. 2003ರಲ್ಲಿ ಬಾಲ್ಟಿಮೋರ್ ಓರಿಯಲ್ಸ್ ತಂಡದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ ಅಭ್ಯಾಸದ ವೇಳೆ ಕುಸಿದು ಸತ್ತ. ವಯಸ್ಸು ಬರೀ 23, ನಮ್ಮದೇ ವಯಸ್ಸು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಬೇರೆ ಕಾರಣಗಳ ಜೊತೆಗೆ ಎಫೆಡ್ರಾವನ್ನೂ ಹೆಸರಿಸಿದರು. ಎಫ್‌ಡಿಎ ಅದನ್ನು ನಿಷೇಧಿಸಿದ್ದು 2004ರಲ್ಲಿ.

ಈಗ ನಮ್ಮೂರ ಗಿಡಗಳ ವಿಷಯಕ್ಕೆ ಬರೋಣ. ನಮ್ಮನ್ನು ಬಲೆಗೆ ಬೀಳಿಸುವುದು ಚೀನಾದ ಎಫೆಡ್ರಾ ಅಲ್ಲ. "ಇದು ನಮ್ಮದೇ ಅಲ್ವಾ" ಅನ್ನುವ ಸಲಿಗೆ.

ಉಪ್ಪಾಗೆಯನ್ನೇ ತಗೊಳ್ಳಿ. ಉತ್ತರ ಕನ್ನಡದಲ್ಲಿ ಅದರ ಸಿಪ್ಪೆ ಒಣಗಿಸಿ ಹುಳಿಗೆ ಬಳಸುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಕೊಡಗಿನ ಹಂದಿ ಕರಿಗೆ ಹಾಕುವ ಕಾಚಂಪುಳಿಯೂ ಇದೇ ಹಣ್ಣಿನದು. ಇಲ್ಲಿನ ಅಂಗಡಿಯಲ್ಲಿ ಅದರ ಹೆಸರು ಗಾರ್ಸೀನಿಯಾ ಕಾಂಬೋಜಿಯಾ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಬ್ಬು ಕಟ್ಟುವುದನ್ನು ತಡೆಯುತ್ತದೆ ಅನ್ನುವುದು ಮಾರುವವರ ವಾದ. ಇದನ್ನು ಸರಿಯಾಗಿ ಪರೀಕ್ಷಿಸಿದ ಒಂದು ಅಧ್ಯಯನ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ತೂಕ ಹೆಚ್ಚಿದ್ದ 135 ಜನ, 12 ವಾರ. ಎಲ್ಲರಿಗೂ ಒಂದೇ ಬಗೆಯ ಮಿತ ಆಹಾರ. ಒಂದು ಗುಂಪಿಗೆ ಗಾರ್ಸೀನಿಯಾ, ಇನ್ನೊಂದಕ್ಕೆ ಔಷಧವೇ ಇಲ್ಲದ ಸುಳ್ಳು ಮಾತ್ರೆ. ಗಾರ್ಸೀನಿಯಾ ತಿಂದವರು ಸರಾಸರಿ 3.2 ಕಿಲೋ ಇಳಿದರು, ಸುಳ್ಳು ಮಾತ್ರೆಯವರು 4.1 ಕಿಲೋ. ಈ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ ಎಂದು ಸಂಶೋಧಕರೇ ಹೇಳಿದ್ದಾರೆ. ಅಂದರೆ ತೂಕ ಇಳಿಸಿದ್ದು ಊಟದ ಮಿತಿ, ಮಾತ್ರೆ ಅಲ್ಲ. ಇದಾಗಿ ಇಷ್ಟು ವರ್ಷವಾದರೂ ಆ ಡಬ್ಬಿ ಇನ್ನೂ ಕಪಾಟಿನಲ್ಲಿದೆ. ಮೇಲಾಗಿ ಅದನ್ನು ಸೇವಿಸಿದವರ ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಜ್ಜಿ ಅಡುಗೆಗೆ ಹಾಕಿದ ಎರಡು ಸಿಪ್ಪೆಯೂ, ಅದರ ಆಮ್ಲವನ್ನೇ ಗಟ್ಟಿಮಾಡಿ ತುಂಬಿ ದಿನಕ್ಕೆ ಮೂರು ಸಲ ನುಂಗುವ ಕ್ಯಾಪ್ಸೂಲೂ ಒಂದೇ ಅಲ್ಲ.

ಎರಡನೆಯದು ಕಾಫಿ. ಚಿಕ್ಕಮಗಳೂರು, ಕೊಡಗಿನವರಿಗೆ ಹುರಿಯದ ಕಾಫಿ ಬೀಜ ಹೊಸದೇನಲ್ಲ. 2012ರಲ್ಲಿ ಡಾ. ಮೆಹ್ಮೆತ್ ಓಜ್ ಎಂಬ ಹೃದಯ ತಜ್ಞರು ತಮ್ಮ ಟಿವಿ ಕಾರ್ಯಕ್ರಮದಲ್ಲಿ ಅದರ ಸಾರವನ್ನು ಪವಾಡದಂತೆ ಹೊಗಳಿದರು, ಮಾರಾಟ ಮುಗಿಲು ಮುಟ್ಟಿತು. ಆಧಾರ ಏನು? ಭಾರತದಲ್ಲಿ ನಡೆಸಿದ, ಬರೀ 16 ಜನರ ಮೇಲಿನ ಒಂದು ಪ್ರಯೋಗ. ಅದಕ್ಕೆ ದುಡ್ಡು ಕೊಟ್ಟಿದ್ದು ಆ ಸಾರವನ್ನು ಮಾರುವ ಅಮೆರಿಕದ ಕಂಪನಿ. ಪ್ರಯೋಗ ನಡೆಸಿದವರು ತೂಕದ ಅಂಕಿಗಳನ್ನು ಮತ್ತೆ ಮತ್ತೆ ತಿದ್ದಿದ್ದಾರೆ, ಯಾರು ನಿಜವಾದ ಮಾತ್ರೆ ತಿಂದರು, ಯಾರು ಸುಳ್ಳು ಮಾತ್ರೆ ತಿಂದರು ಅನ್ನುವುದನ್ನೂ ತಪ್ಪಾಗಿ ಬರೆದಿದ್ದಾರೆ ಎಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಆಯೋಗ ಎಫ್‌ಟಿಸಿ ಆರೋಪ ಹೊರಿಸಿತು. 2014ರಲ್ಲಿ ಆ ಕಂಪನಿ 35 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಅದೇ ವರ್ಷ ಪ್ರಬಂಧವನ್ನು ವಾಪಸ್ ಪಡೆಯಲಾಯಿತು. ಅದೇ ವರ್ಷ ಓಜ್ ಅವರನ್ನು ಸೆನೆಟ್ ಸಮಿತಿಯ ಮುಂದೆ ಕೂರಿಸಿ, ಇಂಥ ಮಾತುಗಳನ್ನು ಯಾಕೆ ಆಡುತ್ತೀರಿ ಎಂದು ಕೇಳಿದ್ದೂ ಆಯಿತು. ಲ್ಯಾಬ್‌ನಲ್ಲಿ ದಿನವಿಡೀ ಡೇಟಾ ಜೊತೆ ಗುದ್ದಾಡುವ ನಮ್ಮಂಥವರು 16 ಜನರ ಪ್ರಯೋಗವನ್ನು ನಮ್ಮ ಪ್ರೊಫೆಸರ್ ಮುಂದೆ ಇಟ್ಟರೆ ಏನಾಗುತ್ತದೆ, ಯೋಚಿಸಿ. ತಿನ್ನುವ ವಿಷಯಕ್ಕೆ ಬಂದಾಗ ಮಾತ್ರ ಆ ಪ್ರಶ್ನೆ ಕೇಳುವುದಿಲ್ಲ.

ಮೂರನೆಯದು ಬಿಲ್ವ. ಶಿವರಾತ್ರಿಗೆ ಶಿವನ ತಲೆಯ ಮೇಲೆ ಇಡುವ ಪತ್ರೆ. ಅದರಲ್ಲಿರುವ ಏಜಲೀನ್ ಎಂಬ ರಾಸಾಯನಿಕವನ್ನು ಕಾರ್ಖಾನೆಯಲ್ಲಿ ಕೃತಕವಾಗಿ ತಯಾರಿಸಿ ಆಕ್ಸಿಎಲೈಟ್ ಪ್ರೋ ಎಂಬ ತೂಕ ಇಳಿಸುವ ಸಪ್ಲಿಮೆಂಟ್‌ಗೆ ಸೇರಿಸಿದ್ದರು. 2013ರಲ್ಲಿ ಹವಾಯಿಯ ವೈದ್ಯರು ಒಬ್ಬರಾದ ಮೇಲೊಬ್ಬರು ಲಿವರ್ ರೋಗಿಗಳನ್ನು ನೋಡತೊಡಗಿದರು. ವಿಚಾರಿಸಿದರೆ ಬಹಳ ಜನ ತೆಗೆದುಕೊಂಡಿದ್ದು ಇದೇ ಡಬ್ಬಿ. ಕೆಲವರಿಗೆ ಲಿವರ್ ಕಸಿ ಮಾಡಬೇಕಾಯಿತು, ಒಬ್ಬರು ತೀರಿಕೊಂಡರು. ಎಫ್‌ಡಿಎ ಒತ್ತಡದ ಮೇಲೆ ಕಂಪನಿ ಮಾಲನ್ನು ಹಿಂದಕ್ಕೆ ಪಡೆಯಿತು. ಪಾಪ, ಬಿಲ್ವದ ಮರ ಏನು ತಪ್ಪು ಮಾಡಿತ್ತು? ಅದರ ಹೆಸರು ಕೇಳಿ ನಂಬುವವರು ಇದ್ದಾರಲ್ಲ, ತಪ್ಪು ಅಲ್ಲಿದೆ.

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ನಾವು ಸಾಮಾನ್ಯವಾಗಿ ದೂರಿನಂತೆ ಬಳಸುತ್ತೇವೆ, ಹತ್ತಿರವಿರುವುದಕ್ಕೆ ಬೆಲೆ ಇಲ್ಲ ಅಂತ. ಪರದೇಶದಲ್ಲಿ ನಮಗೆ ಅದು ಉಲ್ಟಾ ಹೊಡೆದಿದೆ. ಹಿತ್ತಲಲ್ಲಿದ್ದಾಗ ತಿರುಗಿ ನೋಡದ ಗಿಡ 40 ಡಾಲರ್ ಡಬ್ಬಿಯಲ್ಲಿ ಬಂದರೆ ತವರಿನ ಅಭಿಮಾನವೂ ಉಕ್ಕಿಬರುತ್ತದೆ. ಊರಿನ ನೆನಪು ಪುರಾವೆ ಅಲ್ಲ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ.

ಡಬ್ಬಿಯ ಮೇಲೆ ಬರೆದದ್ದೇ ಒಳಗಿರುತ್ತದೆ ಅನ್ನುವ ಖಾತ್ರಿಯೂ ಇಲ್ಲ. 2007ರಿಂದ 2016ರವರೆಗೆ, ಲೇಬಲ್‌ನಲ್ಲಿ ಹೇಳದ ಔಷಧ ಬೆರೆಸಿದ 776 ಸಪ್ಲಿಮೆಂಟ್‌ಗಳನ್ನು ಎಫ್‌ಡಿಎ ಪತ್ತೆ ಮಾಡಿತ್ತು. ಅವುಗಳಲ್ಲಿ ಶೇ. 40ರಷ್ಟು ತೂಕ ಇಳಿಸುವಂಥವು. ಅವುಗಳಲ್ಲಿ ಹೆಚ್ಚಾಗಿ ಸಿಕ್ಕಿದ್ದು ಸಿಬುಟ್ರಮೀನ್. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವಿದೆ ಎಂದು 2010ರಲ್ಲೇ ಅಮೆರಿಕದ ಮಾರುಕಟ್ಟೆಯಿಂದ ಹೊರಹೋದ ಔಷಧ ಅದು. ಸಪ್ಲಿಮೆಂಟ್‌ಗಳಿಂದಾಗಿ ವರ್ಷಕ್ಕೆ ಸುಮಾರು 23,000 ಸಲ ಜನ ಅಮೆರಿಕದ ಎಮರ್ಜೆನ್ಸಿಗೆ ಬರುತ್ತಾರೆ ಎಂದು 2015ರ ಒಂದು ಅಧ್ಯಯನ ಅಂದಾಜು ಮಾಡಿತ್ತು. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು 20ರಿಂದ 34ರ ವಯಸ್ಸಿನವರು.

ಆ ವಯಸ್ಸಿನವನೊಬ್ಬ ನಮ್ಮ ಜೊತೆಗೇ ಇದ್ದಾನೆ. ಕಳೆದ ವರ್ಷ ಫೈನಲ್ಸ್ ವಾರದಲ್ಲಿ ಕೊಬ್ಬು ಕರಗಿಸುವ ಮಾತ್ರೆ ನುಂಗಿ, ಮೇಲೆ ಎರಡು ದೊಡ್ಡ ಕಾಫಿ ಕುಡಿದಿದ್ದ. ರಾತ್ರಿ ಎದೆ ಡವಡವ ಹೊಡೆದುಕೊಳ್ಳಲು ಶುರುವಾಗಿ ಕೈ ನಡುಗಿತು. ನಾವು ಕರೆದುಕೊಂಡು ಹೋದೆವು. ಡಾಕ್ಟರ್ ಡಬ್ಬಿ ತರಿಸಿ ನೋಡಿದರು. 'ಪ್ರೊಪ್ರೈಟರಿ ಬ್ಲೆಂಡ್' ಎಂದು ಬರೆದು ಒಟ್ಟು ತೂಕ ಮಾತ್ರ ಕೊಟ್ಟಿದ್ದರು, ಯಾವುದು ಎಷ್ಟು ಅಂತ ಇಲ್ಲ. ಇಲ್ಲಿನ ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಹೊಟ್ಟೆಯೊಳಗೆ ಎಷ್ಟು ಕೆಫೀನ್ ಹೋಗಿದೆ ಎಂದು ಡಾಕ್ಟರಿಗೂ ಗೊತ್ತಾಗಲಿಲ್ಲ. ಅವನು ಈಗ ಚೆನ್ನಾಗಿದ್ದಾನೆ. ಇದನ್ನು ಬರೆಯಲು ಒಪ್ಪಿದವನೂ ಅವನೇ, "ಅಮ್ಮನಿಗೆ ಮಾತ್ರ ಹೇಳ್ಬೇಡಿ" ಎಂಬ ಷರತ್ತಿನ ಮೇಲೆ.

ಹಾಗಾದರೆ ಎಲ್ಲವೂ ಮೋಸವೇ? ಅಲ್ಲ. ಭಾರ ಎತ್ತುವ ವ್ಯಾಯಾಮ ಮಾಡುವವರಿಗೆ ಕ್ರಿಯಾಟಿನ್ ಮೊನೊಹೈಡ್ರೇಟ್‌ನಿಂದ ಸ್ವಲ್ಪ ಪ್ರಯೋಜನವಿದೆ ಎನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. ವ್ಹೇ ಪ್ರೋಟೀನ್ ಅಂದರೆ ಹಾಲು ಒಡೆದಾಗ ಉಳಿಯುವ ನೀರಿನ ಪ್ರೋಟೀನ್, ಅದರಲ್ಲಿ ಮಾಯವೂ ಇಲ್ಲ, ಮಂತ್ರವೂ ಇಲ್ಲ. ಆದರೆ ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಒಂದು ಮೊಟ್ಟೆಯಲ್ಲಿ 6. ಹುರುಳಿ, ಹೆಸರುಕಾಳು, ಕಡಲೆಕಾಯಿ, ಮೊಸರು ಇಂಡಿಯನ್ ಸ್ಟೋರ್‌ನಲ್ಲಿ ಸಿಗುತ್ತವೆ. ತಗೊಳ್ಳಲೇಬೇಕು ಅಂದರೆ ಎನ್‌ಎಸ್‌ಎಫ್ ಅಥವಾ ಯುಎಸ್‌ಪಿ ಗುರುತು ಇರುವುದನ್ನು ನೋಡಿ ತಗೊಳ್ಳಿ. ಲೇಬಲ್‌ನಲ್ಲಿ ಇರುವುದೇ ಒಳಗೂ ಇದೆಯೇ ಎಂದು ಹೊರಗಿನವರು ಪರೀಕ್ಷಿಸಿದ ಗುರುತು ಅದು. ತೂಕ ಇಳಿಯುತ್ತದೆ ಅನ್ನುವ ಖಾತ್ರಿ ಮಾತ್ರ ಅದೂ ಕೊಡುವುದಿಲ್ಲ. ಬೇರೆ ಔಷಧ ತಗೊಳ್ಳುತ್ತಿದ್ದರೆ ಕ್ಯಾಂಪಸ್ ಹೆಲ್ತ್ ಸೆಂಟರ್‌ನಲ್ಲಿ ಒಮ್ಮೆ ಕೇಳಿ. ಇನ್ಶೂರೆನ್ಸ್‌ಗೆ ಹೇಗೂ ದುಡ್ಡು ಕಟ್ಟಿದ್ದೀರಿ.

ಇನ್ನೊಂದು ಮಾತು. "ನೀನೂ ಮಾರು, ನಿನ್ನ ಕೆಳಗೆ ನಾಲ್ಕು ಜನರನ್ನು ಸೇರಿಸು" ಎಂದು ಪುಸಲಾಯಿಸುವವರು ನಮ್ಮ ಕಾರ್ಯಕ್ರಮಗಳಲ್ಲೇ ಸಿಗುತ್ತಾರೆ. ಎಫ್-1 ವೀಸಾದಲ್ಲಿರುವವರು ಅನುಮತಿ ಇಲ್ಲದೆ ಹೀಗೆ ದುಡಿದರೆ ವೀಸಾಕ್ಕೇ ಕುತ್ತು ಬರಬಹುದು. ಕಿಲೋ ಇಳಿಯಲಿ ಬಿಡಲಿ, ಡಿಗ್ರಿ ಕೈತಪ್ಪಬಾರದು.

ಮುಂದಿನ ವರ್ಷ ಕಮಿಟಿಗೆ ಬರುವ ತಂಗಿ ತಮ್ಮಂದಿರಿಗೆ ನಮ್ಮದೊಂದು ಕೋರಿಕೆ. ಇಂಥವರು ಮತ್ತೆ ಬರುತ್ತಾರೆ, ದುಡ್ಡಿನ ಅಡಚಣೆಯೂ ಇದ್ದೇ ಇರುತ್ತದೆ. ಮೈ ತೂಕದ ಚಿಂತೆಯನ್ನು ವ್ಯಾಪಾರ ಮಾಡಿಕೊಳ್ಳುವವರ ದುಡ್ಡು ಸಂಘಕ್ಕೆ ಬೇಡ ಎಂದು ನಿಯಮಗಳಲ್ಲಿ ಒಂದು ಸಾಲು ಸೇರಿಸಿಬಿಡಿ. ಮೊದಲ ಸೆಮಿಸ್ಟರ್‌ನ ಹುಡುಗಿಯೊಬ್ಬಳು ಚಿಕ್ಕಮ್ಮನ ಮಾತು ಮನಸ್ಸಿನಲ್ಲಿಟ್ಟುಕೊಂಡೇ ಹಾಲ್ ಒಳಗೆ ಬರುತ್ತಾಳೆ. ಬಾಗಿಲಲ್ಲಿ ಅವಳಿಗೆ ಮೊದಲು ಸಿಗಬೇಕಾದ್ದು ಕ್ಯಾಪ್ಸೂಲ್ ಟೇಬಲ್ ಅಲ್ಲ, "ಬಾಮ್ಮ, ಊಟ ಆಯ್ತಾ?" ಎಂದು ಕೇಳುವ ನಾವು. ಬಿಸಿಬೇಳೆಬಾತ್ ಸ್ವಲ್ಪ ತಳ ಹಿಡಿದಿದ್ದರೂ ನಡೆಯುತ್ತದೆ.