ಬೀದಿಮರಿಗಳಿಗೊಂದು ತವರುಮನೆ

ನಾಯಿ ಮರಿ ಹಾಕಿದ ಮನೆಗೆ ಗಂಡುಮರಿಯನ್ನು ಕೇಳಿಕೊಂಡು ಬರುವವರಿರುತ್ತಾರೆ. ಹೆಣ್ಣುಮರಿಯನ್ನು ಕೇಳುವವರು ವಿರಳ. ಕಣ್ಣು ಬಿಟ್ಟು ಕೆಲವು ದಿನಗಳಾಗುವಷ್ಟರಲ್ಲಿ ಅವು ಗೋಣಿಚೀಲ ಸೇರಿ ಪಕ್ಕದ ಊರಿನ ಸಂತೆಪೇಟೆಯಲ್ಲೋ, ಹೆದ್ದಾರಿಯ ಧಾಬಾದ ಹಿಂದೆಯೋ, ಕಬ್ಬಿನ ಹೊಲದ ಬದುವಿನಲ್ಲೋ ಇಳಿಯುತ್ತವೆ. ಘಟ್ಟದ ಊರುಗಳಲ್ಲಿ ಅದೇ ಚೀಲ ರಸ್ತೆಯ ತಿರುವಿನಲ್ಲಿ, ಕಾಡಿನಂಚಿನಲ್ಲಿ ಬಿಚ್ಚಿಕೊಳ್ಳುತ್ತದೆ. ಬಯಲು ಬೇರೆ, ಮಲೆ ಬೇರೆ. ಚೀಲ ಮಾತ್ರ ಒಂದೇ.

ಬೆಳಗಾವಿ ಜಿಲ್ಲೆಯ ಉತ್ತರದ ತುದಿಯಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಇಂತಹ ಮರಿಗಳನ್ನು ಕೆಲಕಾಲ ಸಾಕಿ, ಲಸಿಕೆ ಹಾಕಿಸಿ, ಮನೆಗಳಿಗೆ ದತ್ತು ಕೊಡುವ ಕೇಂದ್ರಗಳು ಆರಂಭವಾಗಬೇಕು. ಇದು ಕೇವಲ ಕರುಣೆಯ ಪ್ರಶ್ನೆಯಲ್ಲ. ಜನರ ಆರೋಗ್ಯ, ನೆರೆಯ ಕಾಡು ಮತ್ತು ಊರಿನ ನೆಮ್ಮದಿ ಮೂರೂ ಇದರೊಂದಿಗೆ ಹೆಣೆದುಕೊಂಡಿವೆ.

ಈ ಐದು ತಾಲ್ಲೂಕುಗಳು ಸಹ್ಯಾದ್ರಿಗೆ ಹೊರಗಿನವಲ್ಲ. ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳು ಘಟ್ಟದಲ್ಲಿ ಹುಟ್ಟಿ ಇಲ್ಲಿಗೆ ಹರಿದು ಬರುತ್ತವೆ. 2019ರ ಆಗಸ್ಟ್‌ನಲ್ಲಿ ಘಟ್ಟದ ಮಳೆ ಇಲ್ಲಿಯ ನದಿತೀರದ ಊರುಗಳನ್ನು ಮುಳುಗಿಸಿತು. 2021ರ ಜುಲೈನಲ್ಲಿ ಮತ್ತೆ ಪ್ರವಾಹ ಬಂದಿತು. ಇಂತಹ ಹೊತ್ತಿನಲ್ಲಿ ಜನರಿಗೆ ಪರಿಹಾರ ಕೇಂದ್ರ ತೆರೆಯುತ್ತದೆ, ದನಕರುಗಳಿಗೆ ಮೇವಿನ ಚಿಂತೆ ನಡೆಯುತ್ತದೆ. ನಾಯಿ ಮಾತ್ರ ಯಾವ ಪಟ್ಟಿಯಲ್ಲೂ ಸೇರುವುದಿಲ್ಲ. ನೀರಿಳಿದ ಮೇಲೆ ಅದು ಯಾರ ಮನೆಯದ್ದೂ ಅಲ್ಲದ ಪ್ರಾಣಿಯಾಗಿ ಉಳಿಯುತ್ತದೆ. ಕಬ್ಬು ಕಡಿಯುವ ಹಂಗಾಮು ಮುಗಿದು ತಂಡಗಳು ಗುಡಿಸಲು ಕಿತ್ತು ಹೊರಟಾಗಲೂ ಹಿಂದೆ ಉಳಿದ ನಾಯಿಗೆ ಅದೇ ಗತಿ.

ಬಿಟ್ಟ ಮರಿ ಹೇಗೋ ಬದುಕಿಕೊಳ್ಳುತ್ತದೆ ಎಂಬ ನಂಬಿಕೆ ಸುಳ್ಳು. ಪಶ್ಚಿಮ ಬಂಗಾಳದಲ್ಲಿ 364 ಬೀದಿಮರಿಗಳ ಜಾಡು ಹಿಡಿದು ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಏಳನೆಯ ತಿಂಗಳವರೆಗೆ ಉಳಿದವು ನೂರಕ್ಕೆ 19 ಮಾತ್ರ. ಸತ್ತವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಸಾವಿಗೆ ಒಂದಲ್ಲ ಒಂದು ಬಗೆಯಲ್ಲಿ ಮನುಷ್ಯನೇ ಕಾರಣನಾಗಿದ್ದ. ಆದರೂ ಬೀದಿನಾಯಿಗಳ ಸಂಖ್ಯೆ ಇಳಿಯುವುದಿಲ್ಲ. ಹೆಣ್ಣುನಾಯಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರಬಲ್ಲದು. ಗರ್ಭದ ಅವಧಿ ಸುಮಾರು 63 ದಿನ. ಸಾಯುವವುಗಳ ಜಾಗವನ್ನು ಹುಟ್ಟುವವು ತುಂಬುತ್ತಲೇ ಇರುತ್ತವೆ. ಯಾರೂ ಒಲ್ಲದ ಆ ಹೆಣ್ಣುಮರಿಯಿಂದಲೇ ಮುಂದಿನ ಹಿಂಡು ಹುಟ್ಟುತ್ತದೆ.

ಇದರ ಬೆಲೆ ತೆರುವವರು ಯಾರು? ಮೊದಲು, ಮಕ್ಕಳು. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ನೂರಕ್ಕೆ 99ರಷ್ಟು ಪ್ರಕರಣಗಳು ನಾಯಿಯಿಂದ ಬರುತ್ತವೆ. ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಲಸಿಕೆ ಹಾಕಿದರೆ ರೋಗದ ಸರಪಣಿ ತುಂಡಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಗೋವಾ ಇದೇ ದಾರಿ ಹಿಡಿದು 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿಕೊಂಡಿತು. ಅಲ್ಲಿ ಫಲ ಕೊಟ್ಟದ್ದು ನಾಯಿಗಳನ್ನು ಕೊಂದದ್ದಲ್ಲ, ವರ್ಷವರ್ಷವೂ ತಪ್ಪದೆ ಲಸಿಕೆ ಹಾಕಿದ್ದು.

ಎರಡನೆಯದಾಗಿ ಬೆಲೆ ತೆರುವುದು ಕಾಡು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಡಿಸ್ಟೆಂಪರ್ ವೈರಸ್ ಪತ್ತೆಯಾಯಿತು. ನಾಯಿಗಳಲ್ಲಿ ಸಾಮಾನ್ಯವಾದ ರೋಗವದು. ಖಾನಾಪುರದ ಭೀಮಗಡ ಅಭಯಾರಣ್ಯದಂತಹ ಕಾಡುಗಳ ಸೀಳುನಾಯಿಗಳಿಗೆ ಊರನಾಯಿ ಹತ್ತಿರದ ನೆಂಟ. ನೆಂಟನ ರೋಗ ಬೇಗ ಅಂಟುತ್ತದೆ. ಇನ್ನು ಚಿರತೆಯ ಮಾತು. ಮಹಾರಾಷ್ಟ್ರದ ಅಕೋಲೆ ಭಾಗದ ಕಬ್ಬಿನ ಸೀಮೆಯಲ್ಲಿ ನಡೆದ ಅಧ್ಯಯನವೊಂದು ಚಿರತೆಯ ಆಹಾರದಲ್ಲಿ ನೂರಕ್ಕೆ 39ರಷ್ಟು ಪಾಲು ನಾಯಿಯದೆಂದು ತೋರಿಸಿತು. ಅಡಗಲು ಕಬ್ಬು, ತಿನ್ನಲು ನಾಯಿ ಸಿಕ್ಕಿದ ಮೇಲೆ ಚಿರತೆ ಊರು ಬಿಟ್ಟು ಏಕೆ ಹೋದೀತು?

ಹಾಗಾದರೆ ಎಂತಹ ಕೇಂದ್ರ ಬೇಕು? ಊರ ಹೊರಗೆ ತಂತಿಬೇಲಿ ಹಾಕಿ ನೂರಾರು ನಾಯಿಗಳನ್ನು ಕೂಡಿಹಾಕುವ ದೊಡ್ಡಿ ಖಂಡಿತ ಬೇಡ. ಇಕ್ಕಟ್ಟಿನಲ್ಲಿ ಪಾರ್ವೊ, ಡಿಸ್ಟೆಂಪರ್ ರೋಗಗಳು ಮರಿಗಳನ್ನು ಒಂದೇ ವಾರದಲ್ಲಿ ಬಲಿ ತೆಗೆದುಕೊಳ್ಳುತ್ತವೆ. ದಾನಿಗಳ ಉತ್ಸಾಹ ಮೊದಲ ವರ್ಷಕ್ಕೆ ಮುಗಿಯುತ್ತದೆ. ನಾಯಿಯ ಆಯುಷ್ಯ ಹತ್ತು ಹನ್ನೆರಡು ವರ್ಷ. ಅಂತಹ ಧಾಮ ಹೆಸರಿಗೆ ಆಶ್ರಯ, ನಿಜದಲ್ಲಿ ಸೆರೆಮನೆ.

ಬೇಕಾದದ್ದು ತವರುಮನೆಯಂತಹ ಕೇಂದ್ರ. ತವರು ಮಗಳನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ; ಸಾಕಿ, ಸಜ್ಜುಗೊಳಿಸಿ, ವಿಚಾರಿಸಿ ಕೊಡುತ್ತದೆ. ಕೊಟ್ಟ ಮೇಲೂ ಹೋಗಿ ನೋಡಿ ಬರುತ್ತದೆ. ಅಲ್ಲಿ ಕಷ್ಟವಾದರೆ ಮರಳಿ ಕರೆತರುತ್ತದೆ. ಈ ಮೂರು ಗುಣಗಳಿದ್ದರೆ ಹತ್ತು ಹದಿನೈದು ಮರಿಗಳಿಗೆ ಸಾಲುವ ಒಂದು ಶೆಡ್ಡೂ ಸಾಕು.

ಕ್ರಮ ಸರಳವಾದದ್ದು. ಬಂದ ಮರಿಯನ್ನು ಎರಡು ವಾರ ಪ್ರತ್ಯೇಕವಾಗಿಡಬೇಕು. ಜಂತುಹುಳುವಿನ ಔಷಧ ಕೊಡಿಸಿ, ಆರರಿಂದ ಎಂಟು ವಾರದ ವಯಸ್ಸಿಗೆ ಪಾರ್ವೊ ಮತ್ತು ಡಿಸ್ಟೆಂಪರ್ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಬೇಕು. ಆ ಬಳಿಕ ಮರಿಗಳನ್ನು ಶೆಡ್ಡಿನಲ್ಲಿ ಬೆಳೆಸದೆ ಊರಿನ ಒಪ್ಪಿದ ಮನೆಗಳಿಗೆ ಒಂದೆರಡರಂತೆ ತಾತ್ಕಾಲಿಕ ಆರೈಕೆಗೆ ಹಂಚಬೇಕು. ಮನೆಯಲ್ಲಿ ಬೆಳೆದ ಮರಿ ಮಕ್ಕಳಿಗೆ, ದನಕ್ಕೆ, ಕೋಳಿಗೆ ಹೊಂದಿಕೊಳ್ಳುತ್ತದೆ. ದತ್ತು ಪಡೆಯುವವರಿಗೂ ಧೈರ್ಯ ಬರುತ್ತದೆ. ಹೆಣ್ಣುಮರಿಗೆ ಸಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಹೊಣೆ ಕೇಂದ್ರದ್ದೇ ಆಗಬೇಕು. ಈ ಒಂದು ಭರವಸೆ ಸಿಕ್ಕರೆ ಹೆಣ್ಣುಮರಿ ಬೇಡವೆನ್ನಲು ಇರುವ ದೊಡ್ಡ ಕಾರಣವೇ ಇಲ್ಲವಾಗುತ್ತದೆ.

ಕಾನೂನಿನಲ್ಲಿಯೂ ಇದಕ್ಕೆ ದಾರಿಯಿದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಸಂತಾನಹರಣ ಮತ್ತು ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟು, ಬೀದಿನಾಯಿಯನ್ನು ದತ್ತು ಪಡೆಯಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದೆಂದೂ, ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರ ಹೊಣೆಯೆಂದೂ ಹೇಳಿತು. ಅದೇ ವರ್ಷದ ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಿಂದ ನಾಯಿಗಳನ್ನು ಹಿಡಿದು ಆಶ್ರಯತಾಣಗಳಿಗೆ ಸಾಗಿಸಬೇಕೆಂದಿತು. ತಾಣವೇ ಇಲ್ಲದ ಊರಿನಲ್ಲಿ ಇಂತಹ ಆದೇಶ ನಾಯಿಯನ್ನು ಮತ್ತೊಂದು ಊರಿನ ಗಡಿ ದಾಟಿಸುವ ನೆಪವಾಗುವ ಅಪಾಯವಿದೆ. ಗೋಣಿಚೀಲದ ಬದಲು ವಾಹನ ಬಂದರೆ ಅದು ಪರಿಹಾರವಾಗದು.

ಮನುಷ್ಯರಿಗೇ ಅನುಕೂಲವಿಲ್ಲದಲ್ಲಿ ನಾಯಿಗೆ ಮನೆಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ನಾಯಿ ಕಚ್ಚಿದ ಮೇಲೆ ಕೂಲಿ ಬಿಟ್ಟು ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಮತ್ತೆಮತ್ತೆ ಅಲೆಯುವವರು ಅದೇ ಬಡವರಲ್ಲವೇ? ಊರನಾಯಿಗೆ ಹಾಕಿದ ಒಂದು ಲಸಿಕೆ ಆ ಮಗುವಿಗೂ ಕಾವಲು. ದಿನವೂ ಬೀದಿಯಲ್ಲಿ ಬಿಸ್ಕತ್ತು ಚೆಲ್ಲಿ ಹೋಗುವ ಪ್ರಾಣಿಪ್ರಿಯರಿಗೂ ಒಂದು ಮಾತು ಸಲ್ಲುತ್ತದೆ: ಅನ್ನವಷ್ಟೇ ಹಾಕಿ ಶಸ್ತ್ರಚಿಕಿತ್ಸೆಯ ಗೊಡವೆಗೆ ಹೋಗದವರ ಕರುಣೆ ಅರ್ಧದಾರಿಯ ಕರುಣೆ.

ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆಯಿತು. 2016ರಲ್ಲಿ ಸೇನೆ ಅದರ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದಿತು. ಅಭಿಮಾನಪಡಬೇಕಾದ ಸಂಗತಿಯೇ. ಆದರೆ ಹೆಸರಿಲ್ಲದ ಊರನಾಯಿಯೂ ಇದೇ ಮಣ್ಣಿನದು. ಇಲ್ಲಿಯ ಬಿಸಿಲು ತಡೆಯುತ್ತದೆ, ಜೋಳದ ರೊಟ್ಟಿಯ ಚೂರಿಗೂ ಋಣಿಯಾಗಿರುತ್ತದೆ, ಹೊಲ ಮನೆ ಕಾಯುತ್ತದೆ. ಹಣ ಕೊಟ್ಟು ಪರದೇಶದ ತಳಿ ತರುವ ಮನೆಗಳು ಇದರ ಕಡೆ ಒಮ್ಮೆ ನೋಡಬೇಕು.

ಘಟ್ಟದ ಊರುಗಳ ಪಾಲಿಗೂ ಕೆಲಸವಿದೆ. ದತ್ತು ಪಡೆದ ನಾಯಿಯನ್ನು ರಾತ್ರಿ ಕೊಟ್ಟಿಗೆಯೊಳಗೆ ಕಟ್ಟಬೇಕು. ಕಾಡಿಗೆ ಅಲೆಯಲು ಬಿಡಬಾರದು. ವಿದ್ಯಾರ್ಥಿಗಳು ಊರಿನ ನಾಯಿಗಳ ಲೆಕ್ಕ ಬರೆದು, ಲಸಿಕೆಯಾದದ್ದು ಎಷ್ಟು, ಆಗದಿರುವುದು ಎಷ್ಟು ಎಂಬುದನ್ನು ಗ್ರಾಮ ಪಂಚಾಯಿತಿಯ ಮುಂದಿಡಬಹುದು. ನಾಯಿ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಮನೆಮನೆಗೆ ತಿಳಿಸಬಹುದು.

ಇಂತಹ ಕೇಂದ್ರದ ಯಶಸ್ಸನ್ನು ಅಲ್ಲಿರುವ ನಾಯಿಗಳ ಸಂಖ್ಯೆಯಿಂದ ಅಳೆಯಲಾಗದು. ಶೆಡ್ಡು ಬರಿದಾದ ದಿನ, ಸಂತೆಯ ಮೂಲೆಯಲ್ಲಿ ಕುಯ್‌ಗುಡುವ ಗೋಣಿಚೀಲ ಕಾಣದ ದಿನ ಅದು ಗೆದ್ದಿತೆಂದು ತಿಳಿಯಬೇಕು. ಐದು ತಾಲ್ಲೂಕುಗಳಲ್ಲಿ ಯಾವ ಊರು ಮೊದಲ ಬಾಗಿಲು ತೆರೆಯುವುದೋ ಆ ಊರು ಉಳಿದವುಗಳಿಗೆ ದಾರಿ ತೋರೀತು.