ಗಾಡಿಯೇ ಮನೆಯಾದ ಒಂದು ದಿನ



ಮಂಚ, ಒಲೆ, ಬಚ್ಚಲು ಎಲ್ಲವನ್ನೂ ಒಂದೇ ಗಾಡಿಯಲ್ಲಿ ಹೊಂದಿಸಿಕೊಂಡು ದೊಡ್ಡ ದೊಡ್ಡ ಸರೋವರಗಳ ದಂಡೆ ಸುತ್ತುವ ಸಂಸಾರಗಳು ಹೊರದೇಶಗಳಲ್ಲಿ ಬೇಕಾದಷ್ಟಿವೆ. ಅಂಥ ಗಾಡಿಗೆ ಮೋಟರ್‌ಹೋಮ್ ಅಂತಾರೆ. ನಮ್ಮ ಸಿಂಧನೂರಿಗೆ ಅದೆಲ್ಲಿಂದ ಬರಬೇಕು ಅಂತ ನಗಬೇಡಿ. ಕಳೆದ ಚಳಿಗಾಲದಲ್ಲಿ ನಾವೂ ಒಂದು ದಿನ ಬಾಡಿಗೆ ಗಾಡಿಯನ್ನೇ ಮನೆ ಮಾಡಿಕೊಂಡು ನೀರಿನ ದಂಡೆಗುಂಟ ತಿರುಗಿ ಬಂದೆವು.

ಕಾರಣ ನಮ್ಮ ಅತ್ತೆಯವರು. ಅವರ ತವರು ಕೃಷ್ಣೆಯ ದಂಡೆಯ ಒಂದು ಹಳ್ಳಿ. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿಯಿತು, ಬಸವಸಾಗರದ ಹಿನ್ನೀರಿನಲ್ಲಿ ಆ ಊರು ಮುಳುಗಡೆಯಾಯಿತು. ಅಣ್ಣತಮ್ಮಂದಿರು ಎಲ್ಲೆಲ್ಲೋ ಹೋಗಿ ನೆಲೆಸಿದರು. ಅಂದಿನಿಂದ ಅತ್ತೆ ಆ ಕಡೆ ಹೋಗಿರಲಿಲ್ಲ. ಈಗ ವಯಸ್ಸು ಎಪ್ಪತ್ತೈದು ದಾಟಿದೆ, ಮೊಣಕಾಲು ನೋವು ಬೇರೆ. “ಒಂದ್ಸಲ ನೀರಾದ್ರೂ ನೋಡಿ ಬರಬೇಕವ್ವಾ” ಎಂದರು. “ಇಲ್ಲದ ಊರು ನೋಡಿ ಅಳೋದ್ಯಾಕ?” ಎಂದರು ನಮ್ಮ ಮನೆಯವರು. ನನಗೂ ಅಳುಕಿತ್ತು. ಆದರೂ ಹೊರಟೆವು.

ನೀವೂ ಹೀಗೆ ಹೊರಡುವುದಾದರೆ ಕೆಲವು ಮಾತು ನೆನಪಿಡಿ. ಹಿರಿಯರಿಗಾಗಿ ಸೀಟಿನ ಮೇಲೆ ಗಾದಿ ಹಾಕಿ, ಬೆನ್ನಿಗೆ ದಿಂಬು ಕೊಡಿ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ನೀರು ಹಾಕದೆ ಎಣ್ಣೆಯಲ್ಲೇ ಬೇಯಿಸಿದ ಬದನೆಕಾಯಿ ಇರಲಿ. ಅನ್ನಕ್ಕೆ ಮೊಸರಿನ ಬದಲು ಕಾಯಿಸಿ ಆರಿಸಿದ ಹಾಲು ಕಲಸಿ, ಒಂದೇ ಚಮಚ ಮೊಸರು ಸೇರಿಸಿದರೆ ಮಧ್ಯಾಹ್ನದ ಹೊತ್ತಿಗೆ ಹುಳಿಯಿಲ್ಲದ ಮೊಸರನ್ನ ತಯಾರು. ಗಾಡಿಯೊಳಗೆ ಒಲೆ, ಸಿಲಿಂಡರ್ ಬೇಡವೇ ಬೇಡ. ಚಹಾಕ್ಕೆ ಥರ್ಮಾಸ್ ಸಾಕು. ಇನ್ನು ಬಚ್ಚಲು. ನಮ್ಮ ಗಾಡಿಯಲ್ಲಿ ಇಲ್ಲದ್ದು ಅದೊಂದೇ. ಅದಕ್ಕೆ ಹೆದರಿ ದಿನವಿಡೀ ನೀರು ಕುಡಿಯದೆ ಕೂರುವುದು ನಮ್ಮ ಹೆಣ್ಣುಮಕ್ಕಳ ಕೆಟ್ಟ ರೂಢಿ. ಎಲ್ಲೆಲ್ಲಿ ಇಳಿಯಬೇಕೆಂದು ಡ್ರೈವರಿಗೆ ಮೊದಲೇ ಹೇಳಿಬಿಡಿ, ನಾಚಿಕೆ ಬೇಡ.

ಬೆಳಗಿನ ಆರಕ್ಕೆ ಹೊರಟೆವು. ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು ಹಿಂದಾಗಿ, ಮಸ್ಕಿಯಲ್ಲಿ ಬೆಳಕು ಹರಿಯಿತು. 1915ರಲ್ಲಿ ಇಲ್ಲಿ ಸಿಕ್ಕ ಬಂಡೆಗಲ್ಲಿನ ಶಾಸನದಲ್ಲೇ ಅಲ್ಲವೇ, ಅಶೋಕನ ಹೆಸರು ಸ್ಪಷ್ಟವಾಗಿ ಕಂಡದ್ದು! ಮಕ್ಕಳಿದ್ದರೆ ಇಳಿಸಿ ತೋರಿಸಿ. ಲಿಂಗಸುಗೂರಿನಲ್ಲಿ ಚಹಾ ಕುಡಿದು ನಾರಾಯಣಪುರ ಸೇರಿದೆವು.

ಸುಮಾರು 10 ಕಿಲೋಮೀಟರ್ ಉದ್ದದ ಅಣೆಕಟ್ಟು, 30 ಬಾಗಿಲು. ಹಿಂದೆ ಕಣ್ಣು ಹರಿದಷ್ಟೂ ನೀರು. ಬಲದಂಡೆ ಕಾಲುವೆ ಲಿಂಗಸುಗೂರು, ದೇವದುರ್ಗದ ಕಡೆಗೆ. ಎಡದಂಡೆ ಕಾಲುವೆ ಸುರಪುರ, ಶಹಾಪುರದ ಕಡೆಗೆ. ಅತ್ತೆ ಬಹಳ ಹೊತ್ತು ಸುಮ್ಮನೆ ನೋಡಿದರು. “ಎಷ್ಟ್ ಮಂದಿ ಹೊಟ್ಟಿಗೆ ಆಗೇತಲ್ಲ, ಆಗ್ಲಿ ಬಿಡು” ಎಂದರು, ಅಷ್ಟೇ.

ಅಲ್ಲಿಂದ ನಾಲತವಾಡ, ಮುದ್ದೇಬಿಹಾಳದ ಮೇಲೆ ತಂಗಡಗಿಗೆ ಬಂದೆವು. ದಾರಿ ನೀರಿನಿಂದ ದೂರ ಸರಿದು ಮತ್ತೆ ಅದರ ದಂಡೆಗೇ ತಂದು ಬಿಡುತ್ತದೆ. ತಂಗಡಗಿ ಬಸವಣ್ಣನವರ ಮಡದಿ ನೀಲಮ್ಮನವರ ಐಕ್ಯಸ್ಥಳ. ಬಸವಣ್ಣನವರ ಕರೆ ಬಂದು ಹೊರಟ ನೀಲಮ್ಮ, ಇಲ್ಲಿಗೆ ಬರುವಷ್ಟರಲ್ಲಿ ಅವರು ಐಕ್ಯರಾದ ಸುದ್ದಿ ಕೇಳಿ, ಹೊಳೆ ದಾಟದೆ ಇಲ್ಲೇ ಐಕ್ಯಳಾದಳೆಂದು ಜನ ಹೇಳುತ್ತಾರೆ.

ಅಲ್ಲೇ ಬುತ್ತಿ ಬಿಚ್ಚಿದೆವು. ಊಟವಾದ ಮೇಲೆ ನಾನು ತಂದಿದ್ದ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಕಣ ಹೊರತೆಗೆದೆ. ಮಾವನವರು ಹೋದ ಮೇಲೆ ಅತ್ತೆಗೆ ಯಾರೂ ಉಡಿ ತುಂಬಿರಲಿಲ್ಲ.

“ನನಗ್ಯಾಕವ್ವಾ ಉಡಿ?” ಎಂದು ಸೆರಗು ಹಿಂದಕ್ಕೆಳೆದುಕೊಂಡರು.

“ತವರಿಗೆ ಬಂದ ಮಗಳು ಬರಿ ಉಡಿಲೆ ಹೋಗಬಾರದ್ರೀ ಅತ್ತಿ” ಎಂದೆ.

ಆಗ ಅತ್ತರು. ಅತ್ತು, ಸೆರಗು ಒಡ್ಡಿದರು. ನಮ್ಮ ಸಿಂಧನೂರಿನ ಅಕ್ಕಿ, ಅದೂ ಇನ್ನೊಂದು ಅಣೆಕಟ್ಟಿನ ನೀರಿನಲ್ಲಿ ಬೆಳೆದದ್ದು. ಆ ನೀರಿನಡಿಯೂ ಯಾರದೋ ತವರು ಇದ್ದೀತು ಎಂದು ನನಗೆ ಹೊಳೆದದ್ದು ಆ ಹೊತ್ತಿನಲ್ಲೇ.

ಸೇತುವೆ ದಾಟಿ ಕೂಡಲಸಂಗಮಕ್ಕೆ ಹೋದೆವು. ಬಸವಣ್ಣನವರ ಐಕ್ಯಮಂಟಪ ಹಿನ್ನೀರಿಗೆ ಸಿಗದಂತೆ ಸುತ್ತಲೂ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ, ಮೆಟ್ಟಿಲಿಳಿದು ಹೋಗಬೇಕು. ಅತ್ತೆಗೆ ಇಳಿಯಲಾಗಲಿಲ್ಲ, ಮೇಲಿಂದಲೇ ಕೈ ಮುಗಿದರು. “ಗುಡಿಗೆ ಗೋಡಿ ಕಟ್ಟಿ ಉಳಿಸಿದ್ರು. ಊರಿಗೆ ಎಷ್ಟಂತ ಕಟ್ತಾರ?” ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ.

ಹುನಗುಂದ, ಇಳಕಲ್, ಮುದಗಲ್ ಮೇಲೆ ಹಿಂದಿರುಗುವಾಗ ಗಾಡಿ ತುಂಬ ಅವರದೇ ಮಾತು. ಓಣಿಯ ಬಾವಿ, ಹುಣಸಿಗಿಡ, ಬೀಸುವಾಗ ಹಾಡುತ್ತಿದ್ದ ತಾಯಿ. ನಲವತ್ತು ವರ್ಷ ಒಂದು ಮಾತೂ ಆಡದವರು! ನಮ್ಮ ಮನೆಯವರು ಮುಂದಿನ ಸೀಟಿನಲ್ಲಿ ಕೂತು ಹೂಂಗುಡುತ್ತಲೇ ಇದ್ದರು. ತಾಯಿಯ ಊರಿನ ಕತೆ ಅವರೂ ಕೇಳಿರಲಿಲ್ಲ.

ಸೋದರಿಯರೇ, ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದಾರಾ? ಅಳ್ತಾರೆ ಅಂತ ತಡೆಯಬೇಡಿ. ಒಂದು ದಿನ ಗಾಡಿ ಮಾಡಿ, ಬುತ್ತಿ ಕಟ್ಟಿ, ಕರೆದುಕೊಂಡು ಹೋಗಿ. ಹಿನ್ನೀರಿಗೆ ಮಾತ್ರ ಯಾರೂ ಇಳಿಯಬೇಡಿ, ಕೆಸರು ಎಲ್ಲಿ, ಆಳ ಎಲ್ಲಿ ತಿಳಿಯದು. ದಂಡೆಯಲ್ಲೇ ನಿಂತು ಉಡಿ ತುಂಬಿ ಬನ್ನಿ.